ಬುಟ್ಟಿಯಿಂದ ಏಳದ ಹೇಂಟೆ: ಕಾವು ಬಂದಿದೆಯೇ ಎಂದು ತಿಳಿಯುವ ಬಗೆ

ಉಳಿದ ಕೋಳಿಗಳೆಲ್ಲ ಹಿತ್ತಲಲ್ಲಿ ಮಣ್ಣು ಕೆದರುತ್ತಿರುವಾಗ ಒಂದು ಹೇಂಟೆ ಮಾತ್ರ ಮೊಟ್ಟೆ ಇಡುವ ಬುಟ್ಟಿಯಿಂದ ಏಳುತ್ತಿಲ್ಲ. ಬೆಳಿಗ್ಗೆ ಅಲ್ಲೇ ಇತ್ತು, ಮಧ್ಯಾಹ್ನವೂ ಅಲ್ಲೇ ಇದೆ. ಕೋಳಿ ಸಾಕಲು ತೊಡಗಿದ ಹೊಸದರಲ್ಲಿ ನಾನು ಇಷ್ಟನ್ನೇ ನೋಡಿ, ಕಾವು ಬಂತೆಂದು, ಅಂದರೆ ಮೊಟ್ಟೆಯ ಮೇಲೆ ಕೂತು ಮರಿ ಮಾಡುವ ಹಂಬಲ ಹುಟ್ಟಿತೆಂದು ಹಿಗ್ಗಿ, ಅಂದೇ ಅದರ ಹೊಟ್ಟೆಯಡಿ ಹನ್ನೊಂದು ಮೊಟ್ಟೆ ಇಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು. ಮೂರನೆಯ ದಿನ ಹೇಂಟೆ ಹಾಯಾಗಿ ಅಂಗಳದಲ್ಲಿ ತಿರುಗುತ್ತಿತ್ತು. ಮೊಟ್ಟೆಗಳು ತಣ್ಣಗೆ ಬಿದ್ದಿದ್ದವು. ನಿಧಾನವಾಗಿ ಗಮನಿಸಿದ ಮೇಲೆ ತಿಳಿಯಿತು: ಗುಂಪಿನ ದೊಡ್ಡ ಹೇಂಟೆಯೊಂದು ಅದನ್ನು ಕಂಡಲ್ಲೆಲ್ಲ ಕುಕ್ಕಿ ಅಟ್ಟುತ್ತಿತ್ತು. ಪಾಪದ ಜೀವ, ತಲೆ ಮರೆಸಿಕೊಳ್ಳಲು ಬುಟ್ಟಿ ಹುಡುಕಿಕೊಂಡಿತ್ತು, ಅಷ್ಟೆ.

ಹಾಗಾಗಿ ಕೂತಿರುವುದೊಂದನ್ನೇ ನೋಡಿ ಮೊಟ್ಟೆ ಇಡಲು ಹೋಗಬೇಡಿ. ಎರಡು ಹಗಲು, ಎರಡು ರಾತ್ರಿ ಕಾಯಿರಿ. ಆ ಎರಡು ದಿನಗಳಲ್ಲಿ ಏನೇನು ನೋಡಬೇಕೆಂಬುದನ್ನು ನಾನು ನೋಡುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಹೊತ್ತು ಲೆಕ್ಕ ಹಾಕಿ

ಮೊಟ್ಟೆ ಇಡಲು ಬಂದ ಕೋಳಿ ಬುಟ್ಟಿಯಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಇರುತ್ತದೆ. ಮೊದಲ ಸಲ ಮೊಟ್ಟೆ ಇಡುವ ಯಾಟೆಯಾದರೆ ಇನ್ನೂ ತುಸು ಹೆಚ್ಚು. ಒಳಗೆ ಹೋಗುವುದು, ಹೊರಗೆ ಬರುವುದು, ಹುಲ್ಲನ್ನು ಅತ್ತ ಎಳೆದು ಇತ್ತ ಎಳೆದು ಮತ್ತೆ ಎದ್ದು ನಿಲ್ಲುವುದು, ಹೀಗೆ ಅದರ ಸಡಗರವೇ ಮುಗಿಯುವುದಿಲ್ಲ. ಮೊಟ್ಟೆ ಬಿದ್ದ ಮೇಲೆ ಮಾತ್ರ ಸುತ್ತಲಿನವರಿಗೆಲ್ಲ ಕೇಳುವಂತೆ ಕೊಕ್ಕೊಕ್ಕೋ ಎಂದು ಕೂಗಿ ಸಾರಿ ಹೊರಟುಬಿಡುತ್ತದೆ.

ಕಾವಿನ ಹೇಂಟೆಗೆ ಈ ಸಾರುವ ಕೆಲಸವಿಲ್ಲ. ಅದು ಗಂಟೆಗಟ್ಟಲೆ ಸದ್ದಿಲ್ಲದೆ ಕೂತಿರುತ್ತದೆ. ಕಣ್ಣು ತೆರೆದಿದ್ದರೂ ಎದುರಿಗೆ ಏನಾಗುತ್ತಿದೆ ಎಂಬುದರ ಪರಿವೆ ಇಲ್ಲದಂತೆ, ಎಲ್ಲೋ ನೆಟ್ಟ ನೋಟ. ಮೈಯನ್ನು ಬುಟ್ಟಿಯ ಅಗಲಕ್ಕೂ ಹರಡಿ, ಒತ್ತಿದ ರೊಟ್ಟಿಯಂತೆ ಚಪ್ಪಟೆಯಾಗಿರುತ್ತದೆ. ಕೆಳಗೆ ಮೊಟ್ಟೆ ಇರಲೇಬೇಕೆಂದಿಲ್ಲ. ಬರಿಯ ಹುಲ್ಲಿನ ಮೇಲೆ, ಒಂದು ಕಲ್ಲಿನ ಮೇಲೆ, ಏನೂ ಇಲ್ಲದ ಹಲಗೆಯ ಮೇಲೆ ಕೂತು ವಾರ ಕಳೆದ ಕೋಳಿಗಳನ್ನು ನಾನೇ ಕಂಡಿದ್ದೇನೆ. ಬುಟ್ಟಿಯಲ್ಲಿ ಮೊಟ್ಟೆಯಿಲ್ಲ, ಹಾಗಾಗಿ ಇದು ಕಾವಲ್ಲ ಎಂದುಕೊಳ್ಳುವವರು ಮೋಸ ಹೋಗುವುದು ಇಲ್ಲೇ.

ಬೆಳಿಗ್ಗೆ ಎಂಟಕ್ಕೆ, ಹನ್ನೊಂದಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಐದಕ್ಕೆ ಹೀಗೆ ನಾಲ್ಕು ಸಲ ಇಣುಕಿದರೆ ಸಾಕು. ನಾಲ್ಕೂ ಸಲ ಅದೇ ಕೋಳಿ ಅದೇ ಜಾಗದಲ್ಲಿದ್ದರೆ ಮುಂದಿನ ಪರೀಕ್ಷೆಗೆ ಹೋಗಬಹುದು. ಒಂದೇ ಬಣ್ಣದ ಕೋಳಿಗಳಿದ್ದರೆ ಕಾಲಿಗೆ ಒಂದು ದಾರ ಸಡಿಲವಾಗಿ ಕಟ್ಟಿಡಿ. ಬೇರೆ ಬೇರೆ ಕೋಳಿಗಳು ಸರದಿಯಲ್ಲಿ ಬಂದು ಕೂತು ನಿಮ್ಮ ಲೆಕ್ಕ ತಪ್ಪಿಸುವುದುಂಟು.

ಕೈ ಒಡ್ಡಿ ನೋಡಿ

ತೋಳಿನ ತುದಿಯವರೆಗೆ ಬರುವ ದಪ್ಪ ಅಂಗಿ ಹಾಕಿಕೊಂಡು, ಮುಂದಿನಿಂದ ಅಲ್ಲ, ಪಕ್ಕದಿಂದ ಕೈಯನ್ನು ನಿಧಾನವಾಗಿ ಹತ್ತಿರ ತನ್ನಿ. ಮಾಮೂಲಿ ಕೋಳಿ ಎದ್ದು ಹೋಗುತ್ತದೆ, ಇಲ್ಲವೇ ಬೇಸರದಿಂದ ಒಮ್ಮೆ ಗೊಣಗಿ ಸುಮ್ಮನಾಗುತ್ತದೆ. ಕಾವು ಬಂದದ್ದು ಹಾಗಲ್ಲ. ಮೈಮೇಲಿನ ಒಂದೊಂದು ಪುಕ್ಕವೂ ನಿಮಿರಿ, ಕೋಳಿ ಇದ್ದಕ್ಕಿದ್ದಂತೆ ಒಂದೂವರೆಯಷ್ಟು ದಪ್ಪಗೆ ಕಾಣುತ್ತದೆ. ಬಾಲ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಗಂಟಲಿನ ಆಳದಿಂದ ಗುರ್ರ್ ಎಂಬ ಎಳೆದ ಸದ್ದು, ನಡುವೆ ಒಂದು ಕಿರಿಚಾಟ. ಆದರೂ ಜಾಗ ಬಿಟ್ಟು ಏಳುವುದಿಲ್ಲ. ಕೆಲವು ಕುಕ್ಕುತ್ತವೆ, ಕುಕ್ಕಿ ಸುಮ್ಮನಾಗದೆ ಚರ್ಮವನ್ನು ಕಚ್ಚಿ ತಿರುವುತ್ತವೆ. ಅದಕ್ಕೇ ದಪ್ಪ ಅಂಗಿ ಎಂದದ್ದು.

ಆದರೆ ಒಂದು ಮಾತು. ಸಾಧು ಸ್ವಭಾವದ ಹೇಂಟೆ ಕಾವಿನಲ್ಲೂ ಕುಕ್ಕದೆ ಇರಬಹುದು, ಮೊದಲಿನಿಂದಲೂ ಸಿಡುಕಿಯಾದದ್ದು ಕಾವಿಲ್ಲದೆಯೂ ಕುಕ್ಕಬಹುದು. ಆದ್ದರಿಂದ ಕುಕ್ಕಿತೇ ಎಂಬುದಕ್ಕಿಂತ ನಿನ್ನೆ ಮೊನ್ನೆಗಿಂತ ನಡತೆ ಬದಲಾಗಿದೆಯೇ ಎಂದು ನೋಡಿ. ನಿಮ್ಮ ಕೋಳಿಯನ್ನು ನಿಮ್ಮಷ್ಟು ಬಲ್ಲವರು ಬೇರೆ ಯಾರಿದ್ದಾರೆ?

ಈಗ ಅಂಗೈಯನ್ನು ಮೇಲ್ಮುಖವಾಗಿಟ್ಟು ಎದೆಯ ಕೆಳಗೆ ತೂರಿಸಿ. ಪುಕ್ಕಗಳ ಪದರ ದಾಟಿದೊಡನೆ ಬೆರಳಿಗೆ ನೇರವಾಗಿ ಬರಿಯ ಚರ್ಮ ತಾಗಿದರೆ, ಆ ಚರ್ಮ ಮೆತ್ತಗೆ, ತುಸು ಉಬ್ಬಿ, ಜ್ವರ ಬಂದ ಮಗುವಿನ ಹಣೆಯಂತೆ ಬಿಸಿಯಾಗಿದ್ದರೆ, ಇದು ಗಟ್ಟಿ ಗುರುತು. ಕಾವಿಗೆ ಕೂರುವ ಹೇಂಟೆಯ ಎದೆಹೊಟ್ಟೆಯ ಪುಕ್ಕ ಉದುರುತ್ತದೆ. ಕೆಲವಷ್ಟನ್ನು ತಾನೇ ಕಿತ್ತು ಗೂಡಿಗೆ ಹಾಸಿಕೊಳ್ಳುತ್ತದೆ. ಆ ಬೋಳು ಜಾಗಕ್ಕೆ ರಕ್ತದ ಹರಿವು ಹೆಚ್ಚುತ್ತದೆ. ಕೋಳಿಯ ಮೈಬಿಸಿ ಹೇಗೂ 40 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆಯೇ ಇರುತ್ತದೆ. ನಡುವೆ ಪುಕ್ಕದ ತಡೆ ಇಲ್ಲದಿದ್ದರೆ ಆ ಬಿಸಿ ನೇರವಾಗಿ ಮೊಟ್ಟೆಗೆ ಇಳಿಯುತ್ತದೆ. ಬುಟ್ಟಿಯ ಹುಲ್ಲಿನಲ್ಲಿ ಸಣ್ಣ ಸಣ್ಣ ಮೆತ್ತನೆಯ ತುಪ್ಪುಳ ಸಿಕ್ಕಿಕೊಂಡಿದ್ದರೆ ಅದೂ ಇದರದೇ ಕುರುಹು. ಕಾವು ಬಂದ ಮೊದಲ ದಿನವೇ ಎದೆ ಪೂರ್ತಿ ಬೋಳಾಗಿರುವುದಿಲ್ಲ. ಎರಡು ಮೂರು ದಿನ ಬಿಟ್ಟು ಮತ್ತೊಮ್ಮೆ ಮುಟ್ಟಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಹೊರಗೆ ಬಂದಾಗ ಹಿಂಬಾಲಿಸಿ

ಕಾವಿನ ಹೇಂಟೆ ದಿನಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ಬಾರಿ, ಸುಮಾರು ಕಾಲು ಗಂಟೆಯಿಂದ ಅರ್ಧ ಗಂಟೆಯಷ್ಟು ಹೊತ್ತು ಹೊರಗೆ ಬರುತ್ತದೆ. ಈ ಹೊತ್ತು ನಿಮ್ಮ ಕಣ್ಣಿಗೆ ಬಿದ್ದರೆ ಅರ್ಧ ಅನುಮಾನ ಅಲ್ಲೇ ಕಳೆಯುತ್ತದೆ. ಅದು ನಡೆಯುವ ಚಂದವೇ ಬೇರೆ: ರೆಕ್ಕೆ ತುಸು ಜೋಲುಬಿಟ್ಟು, ಮೈಪುಕ್ಕ ಕೆದರಿ, ಹೆಜ್ಜೆಗೊಂದರಂತೆ ಕೊಕ್, ಕೊಕ್, ಕೊಕ್ ಎಂದು ಗಂಟಲಲ್ಲೇ ಒಂದೇ ಸ್ವರ ಹೊಡೆಯುತ್ತ ಬರುತ್ತದೆ. ಮರಿ ಕರೆಯುವ ತಾಯಿಕೋಳಿಯ ದನಿಗೆ ಇದು ಹತ್ತಿರ. ಮೊಟ್ಟೆ ಇಟ್ಟಾಗಿನ ಕೂಗಿಗೂ ಇದಕ್ಕೂ ಸಂಬಂಧವೇ ಇಲ್ಲ, ಒಮ್ಮೆ ಕೇಳಿದವರು ಮರೆಯುವುದಿಲ್ಲ. ಹತ್ತಿರ ಬಂದ ಕೋಳಿಗಳನ್ನು ಹೆದರಿಸಿ ಅಟ್ಟುತ್ತದೆ. ಕಾಳನ್ನು ಆರಿಸಿ ತಿನ್ನುವ ತಾಳ್ಮೆಯಿಲ್ಲ, ಗಬಗಬ ನುಂಗುತ್ತದೆ. ನೀರು ಕುಡಿದು, ಧೂಳಿನಲ್ಲಿ ಒಂದಿಷ್ಟು ಹೊರಳಿ, ಏನೋ ನೆನಪಾದಂತೆ ತಟ್ಟನೆ ಎದ್ದು ಗೂಡಿನ ಕಡೆ ಓಡುತ್ತದೆ.

ಹೊರಟು ಹೋಗುವ ಮೊದಲು ಅದು ಹಾಕುವ ಹಿಕ್ಕೆಯನ್ನೂ ನೋಡಿಬಿಡಿ. ಮೂಗು ಮುಚ್ಚಿಕೊಂಡೇ ನೋಡಬೇಕಾಗುತ್ತದೆ. ಗೂಡು ಹೊಲಸಾಗದಿರಲೆಂದು ಇಡೀ ದಿನ ತಡೆದಿಟ್ಟುಕೊಂಡದ್ದೆಲ್ಲ ಒಂದೇ ಸಲ ಬರುತ್ತದೆ. ಮಾಮೂಲಿನ ಹಲವು ಪಟ್ಟು ದೊಡ್ಡ ಮುದ್ದೆ, ಸಹಿಸಲಾಗದ ನಾತ. ಹೊಸಬರು ಇದನ್ನು ಕಂಡು ಕೋಳಿಗೆ ಬೇನೆಯೆಂದು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಹಿಕ್ಕೆ ನೀರಾಗಿದ್ದರೆ, ರಕ್ತ ಕಂಡರೆ, ಅಥವಾ ಬುಟ್ಟಿಯೊಳಗೇ ಹಾಕುತ್ತಿದ್ದರೆ ಆಗ ಯೋಚಿಸಬೇಕು.

ಬಿಟ್ಟು ಮೇಯಿಸುವ ಕೋಳಿಯಾದರೆ ಕಥೆ ಬೇರೆ ರೀತಿ ತೊಡಗುತ್ತದೆ. ಹೇಂಟೆ ಒಂದು ದಿನ ಕಾಣೆಯಾಗುತ್ತದೆ. ನಾಯಿಯೋ ಮುಂಗುಸಿಯೋ ಹೊತ್ತುಕೊಂಡು ಹೋಯಿತೆಂದು ನೀವು ಕೈಬಿಟ್ಟಿರುತ್ತೀರಿ; ಮರುದಿನ ಕಾಳು ಹಾಕುವ ಹೊತ್ತಿಗೆ ಅದೇ ಕೆದರಿದ ಮೈ, ಅದೇ ಕೊಕ್ ಕೊಕ್ ಸದ್ದಿನೊಂದಿಗೆ ಎಲ್ಲಿಂದಲೋ ಪ್ರತ್ಯಕ್ಷವಾಗುತ್ತದೆ. ಎಲ್ಲೋ ಪೊದೆಯಡಿ, ಸೌದೆ ರಾಶಿಯ ಸಂದಿಯಲ್ಲಿ ಕದ್ದು ಮೊಟ್ಟೆಯಿಟ್ಟು ಕೂತಿದೆ ಎಂದರ್ಥ. ಕಾಳು ಹಾಕಿ, ನೀವು ದೂರ ನಿಂತು ಬೇರೆ ಕೆಲಸದಲ್ಲಿರುವಂತೆ ನಟಿಸಿ. ಅದು ನೇರವಾಗಿ ಗೂಡಿಗೆ ಹೋಗುವುದಿಲ್ಲ. ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ, ನಿಂತು ಕತ್ತು ತಿರುಗಿಸಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಖಾತರಿ ಮಾಡಿಕೊಂಡು, ಆಮೇಲೆ ನುಸುಳಿ ಮಾಯವಾಗುತ್ತದೆ. ಒಮ್ಮೆ ನನಗೆ ಈ ಕಣ್ಣುಮುಚ್ಚಾಲೆಯಲ್ಲಿ ಮೂರು ದಿನ ಹಿಡಿಯಿತು, ಕೊನೆಗೆ ಗೂಡು ಸಿಕ್ಕಿದ್ದು ನಾನು ನಿಂತು ಕಾಯುತ್ತಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ.

ರಾತ್ರಿ ಟಾರ್ಚ್ ಹಿಡಿದು ಹೋಗಿ

ಹಗಲಿನ ಗುರುತುಗಳೆಲ್ಲ ಅನುಮಾನಕ್ಕೆ ಎಡೆ ಕೊಡಬಹುದು, ರಾತ್ರಿಯದು ಹಾಗಲ್ಲ. ಕತ್ತಲಾಗುತ್ತಿದ್ದಂತೆ ಎಲ್ಲ ಕೋಳಿಗಳೂ ಮಲಗಲು ಅಡ್ಡಗೋಲು ಹತ್ತುತ್ತವೆ. ಬಿಸಿಲಿಗೆ ಬೇಸತ್ತು ಬುಟ್ಟಿಯಲ್ಲಿ ಕೂತದ್ದೂ ಹತ್ತುತ್ತದೆ, ಬೇರೆಯದಕ್ಕೆ ಹೆದರಿ ಅಡಗಿದ್ದೂ ಸಾಮಾನ್ಯವಾಗಿ ಹತ್ತುತ್ತದೆ. ಕಾವಿನ ಹೇಂಟೆ ಮಾತ್ರ ಬುಟ್ಟಿ ಬಿಡುವುದಿಲ್ಲ. ಕತ್ತಲಾಗಿ ಒಂದು ಗಂಟೆ ಕಳೆದ ಮೇಲೆ ಹೋಗಿ ಬೆಳಕನ್ನು ಕಣ್ಣಿಗೆ ಬಿಡದೆ ನೆಲದ ಕಡೆ ಹಿಡಿದು ನೋಡಿ.

ಅಲ್ಲಿದ್ದರೆ ಅಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ಅದನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿ ಅಡ್ಡಗೋಲಿನ ಮೇಲೆ ಕೂರಿಸಿ ಬನ್ನಿ. ಎತ್ತುವಾಗ ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿದೆಯೇ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಬಿದ್ದು ಒಡೆಯುತ್ತದೆ. ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ಅದು ಅಡ್ಡಗೋಲಿನಿಂದ ಇಳಿದು ಉಳಿದವುಗಳೊಂದಿಗೆ ಮೇಯಲು ಹೊರಟಿದ್ದರೆ ಕಾವು ಇನ್ನೂ ಗಟ್ಟಿಯಾಗಿಲ್ಲ. ಮತ್ತೆ ಬುಟ್ಟಿಯಲ್ಲೇ ಇದ್ದರೆ, ಮರುರಾತ್ರಿಯೂ ಇದೇ ಪುನರಾವರ್ತನೆಯಾದರೆ, ಇನ್ನು ಅನುಮಾನ ಪಡಬೇಡಿ.

ಕಾವೆಂದು ಮೋಸಗೊಳಿಸುವವು

ಇಲ್ಲಿ ತುಸು ನಿಧಾನಿಸಬೇಕು. ಇಲ್ಲಿನ ತಪ್ಪಿಗೆ ಕೋಳಿಯ ಜೀವವೇ ಹೋಗಬಹುದು.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಒಳಗೆ ಮೊಟ್ಟೆ ಸಿಕ್ಕಿಕೊಂಡಿರುವ ಕೋಳಿ. ಅದೂ ಬುಟ್ಟಿಯಲ್ಲಿ ಬಹಳ ಹೊತ್ತು ಇರುತ್ತದೆ. ಆದರೆ ನೆಮ್ಮದಿಯಾಗಿ ಕೂತಿರುವುದಿಲ್ಲ. ಎದ್ದು ನಿಂತು ಮುಕ್ಕರಿಯುತ್ತದೆ, ಬಾಲ ಕೆಳಗೆ ಜೋಲುತ್ತದೆ, ಮೈಯನ್ನು ನೆಟ್ಟಗೆ ಮಾಡಿ ಕಾಲಗಲಿಸಿ ನಡೆಯುತ್ತದೆ, ಊಟ ಬಿಡುತ್ತದೆ. ನೀವು ಕೈ ಒಡ್ಡಿದರೆ ಪುಕ್ಕ ಕೆದರಿ ಎದುರಿಸುವ ಚೈತನ್ಯ ಅದರಲ್ಲಿರುವುದಿಲ್ಲ. ಇಂಥದ್ದನ್ನು ಕಂಡರೆ ಎರಡು ರಾತ್ರಿ ಕಾಯುವ ಮಾತೇ ಇಲ್ಲ, ಅಂದೇ ಪಶುವೈದ್ಯರಿಗೆ ತೋರಿಸಬೇಕು.

ಬೇನೆ ಬಿದ್ದ ಕೋಳಿಯೂ ಮೂಲೆ ಹಿಡಿಯುತ್ತದೆ. ಕಾವಿನಲ್ಲಿ ಜುಟ್ಟಿನ ಕೆಂಪು ಮಾಸಿ ತುಸು ಸಣ್ಣದಾಗುವುದು ಸಹಜ, ಹಾಗಾಗಿ ಬಿಳಿಚಿದ ಜುಟ್ಟೊಂದನ್ನೇ ನೋಡಿ ಏನನ್ನೂ ಹೇಳಲಾಗದು. ಎರಡರ ನಡುವಿನ ಭೇದ ಕಣ್ಣಿನಲ್ಲಿದೆ. ಕಾವಿನ ಹೇಂಟೆ ಮಂಕಾಗಿ ಕಂಡರೂ ನೀವು ಹತ್ತಿರ ಬಂದೊಡನೆ ಕಣ್ಣು ಚುರುಕಾಗಿ ಜಗಳಕ್ಕೆ ನಿಲ್ಲುತ್ತದೆ. ಬೇನೆಯದು ಕಣ್ಣು ಮುಚ್ಚಿಕೊಂಡು, ಕತ್ತು ಮೈಯೊಳಗೆ ಎಳೆದುಕೊಂಡು, ಎತ್ತಿದರೂ ಸುಮ್ಮನಿರುತ್ತದೆ. ಮುಂದೆ ಕಾಳು ಹಾಕಿದಾಗ ಕಾವಿನದು ಗಬಗಬ ತಿನ್ನುತ್ತದೆ, ಬೇನೆಯದು ಮೂಸಿಯೂ ನೋಡುವುದಿಲ್ಲ.

ಪುಕ್ಕ ಉದುರುವ ಕಾಲದಲ್ಲೂ ಕೋಳಿ ಮೊಟ್ಟೆ ನಿಲ್ಲಿಸಿ ಸಿಡುಕುತ್ತದೆ, ಆದರೆ ಅದರ ಪುಕ್ಕ ಕತ್ತು, ಬೆನ್ನು, ಬಾಲ ಎಲ್ಲೆಡೆ ಉದುರುತ್ತದೆ, ಬುಟ್ಟಿಗಂತೂ ಅಂಟಿಕೊಂಡಿರುವುದಿಲ್ಲ.

ಹೀಗೇಕೆ ಆಗುತ್ತದೆ

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸತೊಡಗುತ್ತದೆ. ಮೊಟ್ಟೆ ಬೆಳೆಸುವ ಹಾರ್ಮೋನುಗಳು ಇಳಿಯುತ್ತವೆ, ಅಂಡಾಶಯ ಕುಗ್ಗುತ್ತದೆ, ಮೊಟ್ಟೆ ನಿಲ್ಲುತ್ತದೆ. ಹಗಲು ದೀರ್ಘವಾಗಿ ವಾತಾವರಣ ಬೆಚ್ಚಗಾಗುವ ಕಾಲದಲ್ಲಿ, ಮೊಟ್ಟೆ ತೆಗೆಯದೆ ಬುಟ್ಟಿಯಲ್ಲೇ ರಾಶಿ ಬೀಳಲು ಬಿಟ್ಟಾಗ, ಗೂಡು ಕತ್ತಲೆಯಾಗಿ ಮರೆಯಾಗಿದ್ದಾಗ ಇದು ಹೆಚ್ಚು. ಹೊಟ್ಟೆಯ ಚರ್ಮಕ್ಕೆ ಬೆಚ್ಚನೆಯ ಗೂಡು, ಮೊಟ್ಟೆ ತಾಗುತ್ತಿರುವಷ್ಟು ಕಾಲ ಆ ಹಾರ್ಮೋನೂ ಇಳಿಯದೆ ನಿಲ್ಲುತ್ತದೆ. ಕಾವು ಬಿಡಿಸುವಾಗ ಈ ಮಾತು ನೆನಪಿರಲಿ.

ತಳಿಯೂ ಇದರಲ್ಲಿ ದೊಡ್ಡದು. ನಾಟಿ ಕೋಳಿಗಳು, ಸಿಲ್ಕಿ, ಕೊಚಿನ್, ಆರ್ಪಿಂಗ್‌ಟನ್ ಮುಂತಾದವು ಸುಲಭವಾಗಿ ಕಾವಿಗೆ ಬರುತ್ತವೆ. ಹೆಚ್ಚು ಮೊಟ್ಟೆಗೆಂದೇ ಬೆಳೆಸಿದ ಲೆಗ್‌ಹಾರ್ನ್, ಮೊಟ್ಟೆಯ ಮಿಶ್ರತಳಿಗಳು ಅಪರೂಪಕ್ಕೆ ಕೂತರೂ ನಡುವೆಯೇ ಎದ್ದು ಹೋಗುವ ಸಂಭವ ಹೆಚ್ಚು. ಕಾವಿಗೆ ಕೂತರೆ ಮೊಟ್ಟೆ ನಿಲ್ಲುತ್ತದೆಂದು ತಲೆಮಾರುಗಳಿಂದ ಆ ಗುಣವನ್ನೇ ಆರಿಸಿ ತೆಗೆದುಹಾಕಿದ್ದಾರೆ. ಹಾಗಾಗಿ ಅಂಥ ಕೋಳಿ ಬುಟ್ಟಿಯಲ್ಲಿ ಕೂತಿದ್ದರೆ ನಾನು ಮೊದಲು ಬೇನೆಯನ್ನೇ ಶಂಕಿಸುತ್ತೇನೆ.

ಕೂರಿಸುವುದಾದರೆ

ಎರಡು ರಾತ್ರಿ ದಾಟಿದ ಮೇಲೂ ಒಳ್ಳೆಯ ಮೊಟ್ಟೆಯನ್ನು ತಕ್ಷಣ ಇಡಬೇಡಿ. ಮೊದಲು ಎರಡು ಮೂರು ಹುಸಿ ಮೊಟ್ಟೆ ಇಡಿ. ಮರದ್ದಾಗಲಿ, ಪಿಂಗಾಣಿಯದಾಗಲಿ, ಗಾಲ್ಫ್ ಚೆಂಡಾದರೂ ನಡೆಯುತ್ತದೆ. ಕೋಳಿ ಕೊಕ್ಕಿನಿಂದ ಅದನ್ನು ಎದೆಯಡಿಗೆ ಎಳೆದುಕೊಂಡು, ಮೈ ಅಲುಗಿಸಿ ಸರಿಯಾಗಿ ಕೂತರೆ ಸಂತೋಷ. ಹುಂಜವಿಲ್ಲದ ಗುಂಪಿನ ಮೊಟ್ಟೆ ಎಷ್ಟು ದಿನ ಕಾವು ಕೊಟ್ಟರೂ ಮರಿಯಾಗದು, ಇದನ್ನು ಬೇರೆ ಹೇಳಬೇಕೇ ಎಂದುಕೊಂಡಿದ್ದೆ. ಆದರೆ ಇಪ್ಪತ್ತೊಂದು ದಿನ ಕಾದು ಬಂದು ಕೇಳಿದವರಿದ್ದಾರೆ.

ಕಾವಿಗಿಡುವ ಮೊಟ್ಟೆ ಇಟ್ಟು ವಾರ ದಾಟಿರದಿದ್ದರೆ ಒಳ್ಳೆಯದು. ಸಾಧಾರಣ ಗಾತ್ರದ ಹೇಂಟೆಗೆ ಹತ್ತರಿಂದ ಹನ್ನೆರಡು ಸಾಕು, ಸಣ್ಣದಕ್ಕೆ ಇನ್ನೂ ಕಡಿಮೆ. ಕೂತ ಮೇಲೆ ಒಂದೂ ಹೊರಗೆ ಕಾಣಬಾರದು. ಎಲ್ಲದರ ಮೇಲೂ ಪೆನ್ಸಿಲಿನಿಂದ ಗುರುತು ಹಾಕಿ, ರಾತ್ರಿ ಹುಸಿ ಮೊಟ್ಟೆ ತೆಗೆದು ಒಂದೇ ಸಲ ಎಲ್ಲವನ್ನೂ ಇಡಿ. ಬೇರೆ ಕೋಳಿಗಳು ಅದರ ಪಕ್ಕದಲ್ಲೇ ನುಗ್ಗಿ ಮೊಟ್ಟೆ ಇಟ್ಟು ಹೋಗುತ್ತವೆ. ಗುರುತಿಲ್ಲದ್ದನ್ನು ದಿನವೂ ತೆಗೆಯಿರಿ. ಜಾಗ ಬದಲಿಸುವುದಿದ್ದರೂ ಮೊಟ್ಟೆ ಇಡುವ ಮೊದಲೇ, ಕತ್ತಲಲ್ಲೇ ಬದಲಿಸಬೇಕು. ಅದೇ ಸಮಯಕ್ಕೆ ರೆಕ್ಕೆಯಡಿ, ಬಾಲದ ಬುಡದಲ್ಲಿ ಹೇನು ಇದೆಯೇ ನೋಡಿ. ಹೇನು ತುಂಬಿದ ಹೇಂಟೆ ನಡುದಾರಿಯಲ್ಲಿ ಎದ್ದುಬಿಡುತ್ತದೆ. ಏಳನೆಯ ದಿನದ ಸುಮಾರಿಗೆ ಕತ್ತಲ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿದರೆ, ಬೆಳೆಯುತ್ತಿರುವುದರಲ್ಲಿ ಜೇಡನ ಕಾಲಿನಂಥ ಕೆಂಪು ನರಗಳು ಕಾಣುತ್ತವೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಬರಡು. ಹದಿನೆಂಟನೆಯ ದಿನದಿಂದ ಕೈ ಹಾಕಬೇಡಿ, ಇಪ್ಪತ್ತೊಂದರ ಆಚೀಚೆ ಮರಿ ಬರುತ್ತದೆ.

ಬೇಡವೆಂದರೆ

ಮರಿ ಬೇಡ, ಅಥವಾ ಮೊಟ್ಟೆಗೆ ಹುಂಜವಿಲ್ಲ, ಆಗ ಕಾವು ಬಿಡಿಸಬೇಕು. ಹಾಗೇ ಬಿಟ್ಟರೆ ತಾನಾಗಿ ಏಳುತ್ತದೆ ಎನ್ನುವವರಿದ್ದಾರೆ. ಏಳುವುದೇನೋ ನಿಜ, ಆದರೆ ಬರಿಯ ಬುಟ್ಟಿಯ ಮೇಲೆ ಇಪ್ಪತ್ತೊಂದು ದಿನ ದಾಟಿಯೂ ವಾರಗಟ್ಟಲೆ ಕೂತು, ಅರೆಹೊಟ್ಟೆಯಲ್ಲಿ ಸೊರಗಿ ಹಗುರಾಗುತ್ತದೆ. ಬಿಸಿಲ ಕಾಲದಲ್ಲಿ ನೀರಿಗೂ ಏಳದೆ ಸತ್ತ ಕೋಳಿಗಳೂ ಉಂಟು.

ತಣ್ಣೀರಿನ ಬಕೆಟ್ಟಿನಲ್ಲಿ ಅದ್ದುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಕೋಳಿ ಬೆದರಿ ನಡುಗುತ್ತದೆ, ಮೈ ಒಣಗಿದೊಡನೆ ಮತ್ತೆ ಬುಟ್ಟಿಗೇ ಹೋಗುತ್ತದೆ. ಅದರ ಬದಲು ತಳಕ್ಕೂ ತಂತಿಬಲೆ ಇರುವ ಪಂಜರವನ್ನು ನಾಲ್ಕು ಇಟ್ಟಿಗೆಗಳ ಮೇಲೆ, ನೆರಳಿನಲ್ಲಿ, ಉಳಿದ ಕೋಳಿಗಳು ಕಾಣುವಂತೆ ಇಡಿ. ಹುಲ್ಲು, ಗೋಣಿ ಏನನ್ನೂ ಹಾಸಬೇಡಿ. ಕಾಳು, ನೀರು ಮಾತ್ರ ಸದಾ ಇರಲಿ. ಕೆಳಗಿನಿಂದ ಗಾಳಿಯಾಡಿ ಹೊಟ್ಟೆಯ ಚರ್ಮ ತಣ್ಣಗಾಗುತ್ತದೆ, ಬೆಚ್ಚನೆಯ ಸ್ಪರ್ಶ ತಪ್ಪುತ್ತದೆ. ಆ ಸ್ಪರ್ಶವೇ ಹಾರ್ಮೋನನ್ನು ಏರಿಸಿಟ್ಟದ್ದಲ್ಲವೇ. ಕಾವು ಬಂದ ಒಂದೆರಡು ದಿನದಲ್ಲೇ ಹಾಕಿದರೆ ಎರಡರಿಂದ ನಾಲ್ಕು ದಿನ ಸಾಕು. ವಾರ ಕಳೆದು ಹಾಕಿದರೆ ಮೊಂಡುತನ ಬಲಿತಿರುತ್ತದೆ, ದಿನಗಳೂ ಹೆಚ್ಚು ಬೇಕು. ಆ ದಿನಗಳಲ್ಲಿ ಉಳಿದ ಬುಟ್ಟಿಗಳ ಮೊಟ್ಟೆಯನ್ನು ಹೊತ್ತು ಹೊತ್ತಿಗೆ ತೆಗೆಯಿರಿ. ಒಂದು ಕೂತದ್ದನ್ನು ಕಂಡು ಇನ್ನೊಂದೂ ಕೂರುವುದುಂಟು.

ಕಾವು ಇಳಿಯಿತೇ ಎಂದು ತಿಳಿಯಲು ಮತ್ತದೇ ರಾತ್ರಿಯ ಪರೀಕ್ಷೆ. ಸಂಜೆಗೆ ಮುಂಚೆ ಪಂಜರದಿಂದ ಬಿಡಿ. ನೇರವಾಗಿ ಬುಟ್ಟಿಗೆ ಓಡಿದರೆ ಹಿಡಿದು ಮತ್ತೆ ಎರಡು ದಿನ ಒಳಗಿಡಿ. ಅಂಗಳದಲ್ಲಿ ಒಂದು ಸುತ್ತು ಹಾಕಿ, ಕೆದರಿದ ಪುಕ್ಕ ಇಳಿದು, ಕತ್ತಲಾದಾಗ ಟಾರ್ಚ್ ಬೆಳಕಿಗೆ ಅಡ್ಡಗೋಲಿನ ಮೇಲೆ ಉಳಿದವುಗಳ ಸಾಲಿನಲ್ಲಿ ಕಂಡರೆ ಮುಗಿಯಿತು. ಮೊಟ್ಟೆ ಮತ್ತೆ ಶುರುವಾಗಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಅದಕ್ಕೂ ಮೊದಲು ಜುಟ್ಟಿನ ಕೆಂಪು ಮರಳುತ್ತದೆ.